ಕ್ರಿಪ್ಟಿಕ್ ಪದಬಂಧ: ಸುಳಿವಿನ ನ್ಯಾಯ ಮತ್ತು ಪದದ ತಕರಾರು

ಕ್ರಿಪ್ಟಿಕ್ ಪದಬಂಧವು ಪದಬಂಧದ ಒಂದು ಪ್ರಭೇದ. 1920ರ ದಶಕದಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ರೂಪು ತಳೆದು, ಇಂಗ್ಲಿಷ್ ಓದುವ ದೇಶಗಳಿಗೆ, ಅವುಗಳ ಜೊತೆಗೆ ಭಾರತಕ್ಕೂ ಹಬ್ಬಿದ ಬುದ್ಧಿಯಾಟ. ಸಾಮಾನ್ಯ ಪದಬಂಧದ ಸುಳಿವು ಉತ್ತರದ ಅರ್ಥವನ್ನು ನೇರವಾಗಿ ಹೇಳಿಬಿಡುತ್ತದೆ. ಕ್ರಿಪ್ಟಿಕ್ ಸುಳಿವಿನಲ್ಲಿ ಉತ್ತರಕ್ಕೆ ಎರಡು ದಾರಿಗಳಿರುತ್ತವೆ. ಒಂದು ತುದಿಯಲ್ಲಿ ಅರ್ಥ ಇರುತ್ತದೆ. ಉಳಿದ ಭಾಗದಲ್ಲಿ ಅಕ್ಷರಗಳನ್ನು ಕೂಡಿಸು, ಒಡೆ, ತಿರುಗಿಸು, ಹುಡುಕು ಎಂಬ ಸೂಚನೆ ಇರುತ್ತದೆ. ಎರಡನ್ನೂ ಬೆಸೆದ ವಾಕ್ಯ ಮೇಲುನೋಟಕ್ಕೆ ಮೂರನೆಯದೇನನ್ನೋ ಹೇಳುವಂತೆ ಕಾಣಬೇಕು. ಕನ್ನಡದಲ್ಲೇ ಒಂದನ್ನು ಕಟ್ಟಿ ನೋಡಬಹುದು: ‘ದಕ್ಷಿಣ ದಿಕ್ಕಿನ ಒಡೆಯ ಬೇಸಗೆಯ ಮನೆಯೊಳಗೆ ಅಡಗಿದ್ದಾನೆ (2)’. ಓದಿದರೆ ಸೆಕೆಗೆ ಹೆದರಿ ಒಳಗೆ ಕುಳಿತ ಯಾವನೋ ಪಾಳೆಯಗಾರನ ಸುದ್ದಿಯಂತಿದೆ. ಆದರೆ ದಿಕ್ಪಾಲಕರಲ್ಲಿ ದಕ್ಷಿಣ ಯಮನದು; ‘ಬೇಸಗೆಯ ಮನೆ’ ಎಂಬಲ್ಲಿ ಎರಡು ಪದಗಳ ಸಂದಿಯಲ್ಲಿ ‘ಯ’ ಮತ್ತು ‘ಮ’ ಪಕ್ಕಪಕ್ಕ ಕುಳಿತಿವೆ; ಆವರಣದ 2 ಚೌಕಗಳ ಲೆಕ್ಕ. ಬಿಡಿಸಿದವರು ಉತ್ತರ ಸರಿಯೇ ಎಂದು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ, ಒಂದು ದಾರಿಗೆ ಇನ್ನೊಂದು ಸಾಕ್ಷಿ. ದಾರಿ ತಪ್ಪಿಸುವ ವಾಕ್ಯವೇ ಸರಿದಾರಿಯ ಪುರಾವೆಯನ್ನೂ ಹೊತ್ತಿರಬೇಕು ಎಂಬುದು ಈ ಆಟದ ಮೂಲ ಕರಾರು. ಆ ಕರಾರು ಪಾಲನೆಯಾಗಿದೆಯೇ ಎಂದು ತೀರ್ಮಾನಿಸುವವರು ಯಾರು? ನಿಘಂಟು ಎಂದು ಕೆಲವರು, ಪತ್ರಿಕೆಯ ಸಂಪಾದಕ ಎಂದು ಕೆಲವರು ಹೇಳಿಯಾರು. ಆಟದ ಚರಿತ್ರೆ ಹೇಳುವುದು ಬೇರೆ: ಆ ತೀರ್ಪು ಬಹುಮಟ್ಟಿಗೆ ಬಂದಿರುವುದು ಬಿಡಿಸುವ ಹವ್ಯಾಸಿಗಳ ತಕರಾರುಗಳಿಂದ. ಒಂದು ಪದವನ್ನು ಹೀಗೆ ಬಳಸಬಹುದೇ ಎಂಬ ಅವರ ಜಗಳ ಹೊರಗಿನವರಿಗೆ ಹರಟೆಯಂತೆ ಕಂಡರೂ ಆಟದ ಕಾನೂನು ಹುಟ್ಟಿರುವುದು ಅಲ್ಲಿಯೇ.

ಪದಬಂಧ ಮೊದಲು ಅಚ್ಚಾದದ್ದು ಅಮೆರಿಕದಲ್ಲಿ. ಲಿವರ್‌ಪೂಲ್‌ನಲ್ಲಿ ಹುಟ್ಟಿದ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಜ್ರಾಕಾರದ ಚೌಕಟ್ಟೊಂದನ್ನು ಪ್ರಕಟಿಸಿದ. 1924ರಲ್ಲಿ ಸೈಮನ್ ಅಂಡ್ ಶುಸ್ಟರ್ ಸಂಸ್ಥೆ ಪೆನ್ಸಿಲ್ ಸಮೇತ ಪದಬಂಧದ ಪುಸ್ತಕ ಮಾರಿದಾಗ ಅದು ದೇಶದ ಗೀಳಾಯಿತು. ಅಲ್ಲಿ ಸುಳಿವು ನೇರ ಅರ್ಥಕ್ಕೇ ನಿಂತಿತು. ಅಟ್ಲಾಂಟಿಕ್ ದಾಟಿ ಬಂದ ಮೇಲೆ ಅದರ ಗುಣ ಬದಲಾಯಿತು. ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಎಂಬ ಅನುವಾದಕ ‘ಟಾರ್ಕ್ವಿಮಾಡಾ’ ಎಂಬ ಗುಪ್ತನಾಮದಲ್ಲಿ 1926ರಿಂದ ‘ದಿ ಅಬ್ಸರ್ವರ್’ ಪತ್ರಿಕೆಗೆ ಪದಬಂಧ ಕಟ್ಟಿದ. ನೇರ ಅರ್ಥವನ್ನು ಬಿಟ್ಟು ಸುಳಿವುಗಳನ್ನೆಲ್ಲ ಗೂಢವಾಗಿಸಿದವರಲ್ಲಿ ಅವನೇ ಮೊದಲಿಗ ಎನ್ನುತ್ತಾರೆ. ಟಾರ್ಕ್ವಿಮಾಡಾ ಸ್ಪೇನಿನ ಧರ್ಮವಿಚಾರಣೆಯ ಕ್ರೂರ ಅಧಿಕಾರಿಯ ಹೆಸರು. ಓದುಗರನ್ನು ಹಿಂಸಿಸುವ ಇರಾದೆಯನ್ನು ಮ್ಯಾಥರ್ಸ್ ಹೆಸರಲ್ಲೇ ಸಾರಿದ್ದಾನೆ. ಅವನ ಪಾಂಡಿತ್ಯ ದೊಡ್ಡದು, ಆದರೆ ಅವನ ಸುಳಿವು ಎಷ್ಟೋ ಸಲ ಉತ್ತರ ಗೊತ್ತಾದ ಮೇಲಷ್ಟೇ ಅರ್ಥವಾಗುವಂಥದು. ಅರ್ಥಕ್ಕೂ ಅಕ್ಷರದಾಟಕ್ಕೂ ಗಡಿ ಇರಬೇಕೆಂಬ ನಿಯಮವನ್ನು ಅವನು ತನ್ನ ಮೇಲೆ ಹೇರಿಕೊಂಡಿರಲಿಲ್ಲ. ಕಷ್ಟ ಮತ್ತು ಅನ್ಯಾಯ ಬೇರೆ ಬೇರೆ ಎಂಬ ಅರಿವು ಮೂಡಿದ್ದು ಅವನ ನಂತರ.

1939ರಲ್ಲಿ ಅವನು ತೀರಿಕೊಂಡಾಗ ಆ ಸ್ಥಾನಕ್ಕೆ ಬಂದ ಡೆರಿಕ್ ಸಾಮರ್ಸೆಟ್ ಮ್ಯಾಕ್‌ನಟ್ ಗ್ರೀಕ್ ಮತ್ತು ಲ್ಯಾಟಿನ್ ಕಲಿಸುತ್ತಿದ್ದ ಶಾಲಾ ಮೇಷ್ಟರು. ‘ಜಿಮೆನೀಸ್’ ಎಂಬ ಇನ್ನೊಬ್ಬ ಧರ್ಮವಿಚಾರಕನ ಹೆಸರನ್ನು ಇಟ್ಟುಕೊಂಡರೂ ಅವನು ಮಾಡಿದ್ದು ಹಿಂಸೆಗೆ ಕಾನೂನಿನ ಕಡಿವಾಣ ಹಾಕುವ ಕೆಲಸ. ಒಳ್ಳೆಯ ಸುಳಿವಿನಲ್ಲಿ ಖಚಿತವಾದ ಅರ್ಥ ಇರಬೇಕು, ನ್ಯಾಯವಾದ ಪೂರಕ ಸೂಚನೆ ಇರಬೇಕು, ಇವೆರಡನ್ನು ಬಿಟ್ಟು ಮೂರನೆಯದಿರಬಾರದು ಎಂಬುದು 1966ರಲ್ಲಿ ಬಂದ ಅವನ ಪುಸ್ತಕದ ತಿರುಳು. ಅದಕ್ಕೂ ಮೊದಲು, 1949ರಲ್ಲಿ, ‘ಆಫ್ರಿಟ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎ.ಎಫ್. ರಿಚಿ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳಿದ್ದ: ಸುಳಿವು ಕಟ್ಟುವವನ ಮನಸ್ಸಿನಲ್ಲಿರುವುದು ಅವನ ವಾಕ್ಯದ ಮೇಲ್ಪದರದ ಅರ್ಥವೇ ಆಗಿರಬೇಕಿಲ್ಲ, ಆದರೆ ಮನಸ್ಸಿನಲ್ಲಿರುವುದನ್ನು ವಾಕ್ಯ ನಿಜವಾಗಿ ಹೇಳಿರಲೇಬೇಕು. ಈ ನಿಯಮಗಳು ಮೇಲಿನಿಂದ ಇಳಿದ ಶಾಸನಗಳೆಂದು ತಿಳಿಯುವುದು ತಪ್ಪು. ಜಿಮೆನೀಸ್ ಓದುಗರಿಗೆ ಒಂದು ಪದ ಕೊಟ್ಟು ಅದಕ್ಕೆ ಸುಳಿವು ಬರೆದು ಕಳಿಸಿ ಎಂದು ಸ್ಪರ್ಧೆ ನಡೆಸುತ್ತಿದ್ದ. ಗೆದ್ದ ಸುಳಿವುಗಳನ್ನೂ ಬಿದ್ದ ಸುಳಿವುಗಳ ಕುರಿತ ಟೀಕೆಯನ್ನೂ ಸ್ಪರ್ಧಿಗಳಿಗೆ ಹಾಳೆಯಲ್ಲಿ ಅಚ್ಚು ಹಾಕಿ ಕಳಿಸುತ್ತಿದ್ದ. 1972ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಜೊನಾಥನ್ ಕ್ರೌದರ್, ಅಂದರೆ ‘ಆಜೆಡ್’, ಆ ಪದ್ಧತಿಯನ್ನು ಮುಂದುವರಿಸಿದ. (ದೆಸಾ ಎಂಬ ಧರ್ಮವಿಚಾರಕನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿದರೆ ಆಜೆಡ್.) ತಿಂಗಳು ತಿಂಗಳು ಬಂದ ಆ ಹಾಳೆಗಳು ನ್ಯಾಯಾಲಯದ ತೀರ್ಪುಗಳಂತೆ ಪೂರ್ವನಿದರ್ಶನಗಳಾದವು: ಈ ಪದ ಅಕ್ಷರ ಕಲಸುವ ಸೂಚನೆಯಾಗಬಲ್ಲದೇ, ಜಾತಿಯ ಹೆಸರಿಗೆ ವ್ಯಕ್ತಿಯ ಹೆಸರು ಅರ್ಥವಾಗಿ ಸಲ್ಲುತ್ತದೆಯೇ, ಹೀಗೆ. ಈ ಸ್ಪರ್ಧಿಗಳ ಬಳಗ ಎಷ್ಟು ಒಗ್ಗಟ್ಟಿನದಾಗಿತ್ತೆಂದರೆ, ಅದರಲ್ಲೊಬ್ಬನಾದ ಕಾಲಿನ್ ಡೆಕ್ಸ್ಟರ್ ಪತ್ತೇದಾರಿ ಕಾದಂಬರಿ ಬರೆಯಲು ಕುಳಿತಾಗ ತನ್ನ ಇನ್‌ಸ್ಪೆಕ್ಟರ್‌ಗೆ ಸಹಸ್ಪರ್ಧಿ ಸರ್ ಜೆರೆಮಿ ಮೋರ್ಸ್‌ನ ಹೆಸರನ್ನೇ ಇಟ್ಟ. ಲಾಯ್ಡ್ಸ್ ಬ್ಯಾಂಕಿನ ಅಧ್ಯಕ್ಷನಾಗಿದ್ದ ಮೋರ್ಸ್ ಸುಳಿವು ಕಟ್ಟುವುದರಲ್ಲಿ ನಿಸ್ಸೀಮ.

ಈ ತಕರಾರುಗಳಲ್ಲಿ ಏನಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಲು ಕನ್ನಡದ ಒಂದು ಸುಳಿವು ಸಾಕು. ‘ನದಿ’ಯನ್ನು ಹಿಂದುಮುಂದು ಮಾಡಿದರೆ ‘ದಿನ’. ಇದನ್ನು ಬಳಸಿ ಒಬ್ಬರು ಹೀಗೆ ಕಟ್ಟಿದರೆನ್ನಿ: ‘ಹೊಳೆ ತಿರುಗಿದ ದಿವಸ (2)’. ವಾಕ್ಯಖಂಡ ಚೆನ್ನಾಗಿದೆ. ಪ್ರವಾಹದಲ್ಲಿ ಪಾತ್ರ ಬದಲಿಸಿದ ನದಿಯೊಂದರ ನೆನಪಿನಂತೆ ಓದಿಸಿಕೊಳ್ಳುತ್ತದೆ. ಉತ್ತರ ಯಾವುದು? ‘ತಿರುಗಿದ’ ಎಂಬ ಕೃದಂತ ಮುಂದಿನ ‘ದಿವಸ’ಕ್ಕೆ ವಿಶೇಷಣ, ಆದ್ದರಿಂದ ತಿರುಗಿದ್ದು ದಿನ, ಅರ್ಥ ಹೊಳೆ, ಉತ್ತರ ‘ನದಿ’ ಎಂದು ಒಬ್ಬರು ವಾದಿಸಬಹುದು. ಇನ್ನೊಬ್ಬರು ಒಪ್ಪುವುದಿಲ್ಲ. ‘ತಿರುಗಿದ’ ಕ್ರಿಯೆಗೆ ಕರ್ತೃ ‘ಹೊಳೆ’, ತಿರುಗಿದ್ದು ಹೊಳೆಯೇ, ಆದ್ದರಿಂದ ಉತ್ತರ ‘ದಿನ’ ಎನ್ನುತ್ತಾರೆ. ಇಬ್ಬರದೂ ಕನ್ನಡವೇ. ಕನ್ನಡದ ಕೃದಂತ ತನ್ನ ಮುಂದಿನ ನಾಮಪದ ಕರ್ತೃವೋ ಕರ್ಮವೋ ಕಾಲವೋ ಎಂದು ರೂಪದಲ್ಲಿ ತೋರಿಸುವುದಿಲ್ಲ; ‘ಓದಿದ ಹುಡುಗ’, ‘ಓದಿದ ಪುಸ್ತಕ’, ‘ಓದಿದ ದಿನ’ ಮೂರಕ್ಕೂ ‘ಓದಿದ’ ಒಂದೇ. ಹಾಗಾಗಿ ಈ ಸುಳಿವು ಸುಂದರವಾಗಿದ್ದೂ ಸೋಲುತ್ತದೆ. ದಾಟುವ ಪದದಿಂದ ಮೊದಲ ಚೌಕದಲ್ಲಿ ‘ನ’ ಬಿದ್ದರೆ ಗೊಂದಲ ತೀರುತ್ತದಲ್ಲ ಎಂದು ಮೂರನೆಯವರು ಸಮಾಧಾನ ಹೇಳಿಯಾರು. ಆದರೆ ಸುಳಿವಿನ ತಪ್ಪಿಗೆ ಚೌಕಟ್ಟು ಜಾಮೀನು ನಿಲ್ಲಬೇಕಾಗಿ ಬಂದರೆ, ಒಂದಕ್ಕೊಂದು ಸಾಕ್ಷಿಯಾಗಬೇಕಿದ್ದ ಎರಡು ದಾರಿಗಳ ಕರಾರು ಮುರಿದುಬಿತ್ತು ಎಂದೇ ಅರ್ಥ. ‘ಹಿಂದಿರುಗಿದ ದಿವಸ ಹೊಳೆ (2)’ ಎಂದು ತಿದ್ದಿದರೆ ಕೃದಂತದ ಹಿಂದೆ ಬೇರೆ ಕರ್ತೃವಿಲ್ಲ, ಹಿಂದಿರುಗಿದ್ದು ದಿವಸವೇ, ಉತ್ತರ ‘ನದಿ’ಯೊಂದೇ. ಈಗ ಓದುವುದಕ್ಕೆ ಸ್ವಲ್ಪ ಮೊಟಕು ಅನ್ನಿಸುತ್ತದೆ. ಕೊನೆಗೆ ‘ತುಂಬಿತ್ತು’ ಎಂದು ಸೇರಿಸುವ ಆಸೆಯಾಗುತ್ತದೆ. ಸೇರಿಸಿದರೆ ವಾಕ್ಯ ತುಂಬುತ್ತದೆ, ಸುಳಿವು ಕೆಡುತ್ತದೆ. ‘ತುಂಬಿತ್ತು’ಗೆ ಅಲ್ಲಿ ಯಾವ ಕೆಲಸವೂ ಇಲ್ಲ, ಬಿಡಿಸುವವರು ಅದನ್ನು ನಂಬಿ ಏನನ್ನೋ ತುಂಬಲು ಹೊರಡುತ್ತಾರೆ. ಮೂರನೆಯದಿರಬಾರದು ಎಂದು ಜಿಮೆನೀಸ್ ಹಟ ಹಿಡಿದದ್ದು ಇಂಥದಕ್ಕೇ. ಇಷ್ಟು ಚರ್ಚೆಯಲ್ಲಿ ನಿಘಂಟನ್ನು ಒಮ್ಮೆಯೂ ತೆರೆಯಬೇಕಾಗಲಿಲ್ಲ ಎಂಬುದನ್ನು ಗಮನಿಸಬೇಕು.

ನಿಘಂಟಿದ್ದರೆ ಜಗಳವೇಕೆ ಎಂಬುದು ಮೊದಲ ಆಕ್ಷೇಪ. ಬ್ರಿಟನ್ನಿನ ಕಟ್ಟುನಿಟ್ಟಿನ ಪದಬಂಧಗಳು ‘ಚೇಂಬರ್ಸ್’ ನಿಘಂಟನ್ನು ಆಧಾರವಾಗಿ ಹೆಸರಿಸುತ್ತವೆ, ನಿಜ. ಒಂದು ಪದ ಇದೆಯೇ, ಅದಕ್ಕೆ ಈ ಅರ್ಥವಿದೆಯೇ ಎಂಬ ಮಟ್ಟಿಗೆ ಅದರ ಮಾತು ಕೊನೆಯದು. ಆದರೆ ಹೂವನ್ನು ಹೇಳುವ ‘ಫ್ಲವರ್’ ಎಂಬ ಪದವನ್ನು ‘ಫ್ಲೋ’ ಆಗುವುದು, ಅಂದರೆ ಹರಿಯುವುದು, ಎಂದು ಒಡೆದು ನದಿಯ ಸೂಚನೆಯಾಗಿ ಬಳಸುವುದು ಕ್ರಿಪ್ಟಿಕ್ ಪದಬಂಧದ ಅತಿ ಹಳೆಯ ಚೇಷ್ಟೆಗಳಲ್ಲೊಂದು. ಅದನ್ನು ಸಕ್ರಮ ಮಾಡಿದ್ದು ನಿಘಂಟಲ್ಲ; ಬಿಡಿಸುವವರು ಮೊದಲು ಗೊಣಗಿ, ಆಮೇಲೆ ನಕ್ಕು, ಕೊನೆಗೆ ಒಪ್ಪಿಕೊಂಡದ್ದರಿಂದ ಅದು ನಿಂತಿತು. ಇದೇ ಮಾದರಿಯಲ್ಲಿ ಕಟ್ಟಿದ ಎಷ್ಟೋ ಬೇರೆ ಪದಗಳನ್ನು ಅವರು ಒಪ್ಪಲಿಲ್ಲ. ನಿಘಂಟಿನ ಮಿತಿ ಕನ್ನಡದಲ್ಲಿ ಇನ್ನೂ ಬೇಗ ಗೊತ್ತಾಗುತ್ತದೆ. ‘ಚುರುಮುರಿ’ಗೆ ‘ಮಂಡಕ್ಕಿ’ ಎಂದು ಸುಳಿವು ಕೊಟ್ಟರೆ ಧಾರವಾಡದವರು ಸುಮ್ಮನೆ ತುಂಬಿ ಮುಂದೆ ಹೋಗುತ್ತಾರೆ. ಮೈಸೂರಿನವರು ತಕರಾರು ತೆಗೆಯುತ್ತಾರೆ. ಅವರಿಗೆ ಚುರುಮುರಿ ಎಂದರೆ ಈರುಳ್ಳಿ, ಕ್ಯಾರೆಟ್ ತುರಿ, ಖಾರ ಹಾಕಿ ಕಲಸಿ ಪೊಟ್ಟಣದಲ್ಲಿ ಕೊಡುವ ತಿನಿಸು. ಅದಕ್ಕೆ ಹಾಕುವ ಒಣ ಸರಕು ಪುರಿ. ಎರಡು ಅರ್ಥವನ್ನೂ ನಿಘಂಟು ಒಂದರ ಕೆಳಗೊಂದು ಪಟ್ಟಿ ಮಾಡಬಹುದು. ಒಂದು ಪತ್ರಿಕೆಯ ಎಲ್ಲ ಆವೃತ್ತಿಗಳ ಓದುಗರ ಮುಂದೆ ಯಾವುದನ್ನು, ಯಾವ ಎಚ್ಚರಿಕೆಯೊಂದಿಗೆ ಇಡಬೇಕು ಎಂಬುದನ್ನು ಅದು ಹೇಳಲಾರದು. ಪ್ರೊ. ಜಿ. ವೆಂಕಟಸುಬ್ಬಯ್ಯನವರ ಉದಾಹರಣೆ ಇಲ್ಲಿ ಬಲವಾದದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಕೆಲಸದಲ್ಲಿ ಪ್ರಧಾನ ಸಂಪಾದಕರಾಗಿ ದುಡಿದವರು ಅವರು. ಅಂಥವರೇ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದು, ಪದಗಳ ರೂಪ, ಅರ್ಥ, ಬಳಕೆಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. ಎಂಟು ಸಂಪುಟ ಬಂದ ಮೇಲೂ ಪ್ರಶ್ನೆಗಳು ನಿಲ್ಲಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ನಿಯಮ ಮುರಿದವರನ್ನೇ ಜನ ಹೆಚ್ಚು ಪ್ರೀತಿಸಿದ್ದಾರಲ್ಲ? ‘ದಿ ಗಾರ್ಡಿಯನ್’ ಪತ್ರಿಕೆಯಲ್ಲಿ ‘ಅರೌಕೇರಿಯಾ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಪಾದ್ರಿ ಜಾನ್ ಗ್ರಹಾಂ ಅವರಿಗೆ ಸಿಕ್ಕ ಅಭಿಮಾನ ಬೇರೆ ಪದಬಂಧಕಾರರಿಗೆ ಸಿಕ್ಕಿದ್ದು ಕಡಿಮೆ. 1958ರಿಂದ 2013ರಲ್ಲಿ ತೀರಿಕೊಳ್ಳುವವರೆಗೆ ಬರೆದರು. ತಮಗೆ ಕ್ಯಾನ್ಸರ್ ಆಗಿರುವ ಸಂಗತಿಯನ್ನು ಅದೇ ವರ್ಷ ಒಂದು ಪದಬಂಧದ ಮೂಲಕವೇ ಓದುಗರಿಗೆ ತಿಳಿಸಿದರು. ಜಿಮೆನೀಸ್ ಪಂಥದವರು ಹುಬ್ಬುಗಂಟಿಕ್ಕುವ ಸ್ವಾತಂತ್ರ್ಯಗಳನ್ನು ಅವರು ಧಾರಾಳವಾಗಿ ತೆಗೆದುಕೊಂಡರು. ಆ ಸ್ವಾತಂತ್ರ್ಯಗಳ ಪೈಕಿ ಹೆಸರಾಂತದ್ದೊಂದನ್ನು ನೋಡೋಣ: ‘ಗೇಟ್ಸ್‌ಹೆಡ್’ ಎಂಬ ಊರಿನ ಹೆಸರನ್ನು ‘ಗೇಟ್‌ನ ತಲೆ’ ಎಂದು ಒಡೆದು, ಆ ಪದದ ಮೊದಲ ಇಂಗ್ಲಿಷ್ ಅಕ್ಷರವನ್ನು ಸೂಚಿಸುವುದು. ಒಂದೇ ಪದವಾಗಿ ಅಚ್ಚಾದದ್ದನ್ನು ಎರಡಾಗಿ ಓದು ಎಂಬ ಸೂಚನೆ ಅಲ್ಲಿಲ್ಲ, ಆದ್ದರಿಂದ ವಾಕ್ಯ ಹೇಳಬೇಕಾದದ್ದನ್ನು ಹೇಳಿಲ್ಲ ಎಂದು ಕಟ್ಟುನಿಟ್ಟಿನವರ ವಾದ. ಕಣ್ಣಿದ್ದವರಿಗೆ ಕಾಣುತ್ತದೆ, ಕಂಡಾಗ ಖುಷಿಯಾಗುತ್ತದೆ ಎಂದು ಉದಾರಿಗಳ ವಾದ. ನನ್ನ ದೃಷ್ಟಿಯಲ್ಲಿ ಈ ಉದಾಹರಣೆ ನಿಯಮವನ್ನು ಅಲ್ಲಗಳೆಯುವುದಿಲ್ಲ, ನಿಯಮ ಎಲ್ಲಿಂದ ಬರುತ್ತದೆ ಎಂಬುದನ್ನೇ ತೋರಿಸುತ್ತದೆ. ಅರೌಕೇರಿಯಾ ಮುರಿದದ್ದು ಮುರಿದಂತೆ ಕಾಣುವುದು ಓದುಗರಿಗೆ ನಿಯಮ ಮೊದಲೇ ಗೊತ್ತಿದ್ದರಿಂದ. ಟಾರ್ಕ್ವಿಮಾಡಾನ ಕಾಲದಲ್ಲಿ ಮುರಿಯುವುದಕ್ಕೆ ಏನೂ ಇರಲಿಲ್ಲ. ಅಲ್ಲದೆ ಅರೌಕೇರಿಯಾ ಅವರ ಓದುಗರು ಎಲ್ಲವನ್ನೂ ಕ್ಷಮಿಸಲಿಲ್ಲ. ಅರ್ಥವೂ ಆಟವೂ ಎರಡೂ ಸಡಿಲವಾದಾಗ ಗದರಿದರು, ಒಂದು ಸಡಿಲವಾಗಿ ಇನ್ನೊಂದು ಬಿಗಿಯಾಗಿದ್ದಾಗ ಮೆಚ್ಚಿದರು. ‘ದಿ ಟೈಮ್ಸ್’ನ ಓದುಗರು ಇನ್ನೂ ಬಿಗಿ. ಹಣ್ಣು ಉತ್ತರವಾಗಿ ಮಾವು ಅರ್ಥವಾಗಿದ್ದರೆ, ಮಾವು ಹಣ್ಣಿಗೆ ಒಂದು ನಿದರ್ಶನ ಮಾತ್ರ ಎಂದು ಸೂಚಿಸುವ ‘ಎನ್ನಿ’ಯೋ ಪ್ರಶ್ನಾರ್ಥಕ ಚಿಹ್ನೆಯೋ ಇರಬೇಕೆಂದು ಅವರಲ್ಲಿ ಅನೇಕರು ಬಯಸುತ್ತಾರೆ. ಎರಡು ಪತ್ರಿಕೆಗಳು, ಎರಡು ಬಳಗಗಳು, ಎರಡು ಸಂಪ್ರದಾಯಗಳು.

ಇನ್ನು ಮೂರನೆಯ ಆಕ್ಷೇಪ. ಇಂಥ ಬಳಗಗಳು ತಮ್ಮ ಮಾತನ್ನೇ ಎಲ್ಲರ ಮಾತೆಂದು ತಿಳಿದು ಹೊರಗಿನವರನ್ನು ದೂಡುತ್ತವೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ, ಉಚ್ಚಾರಸಾಮ್ಯದ ಸುಳಿವುಗಳಲ್ಲಿ ಅದು ಚೆನ್ನಾಗಿ ಕಾಣುತ್ತದೆ. ದಕ್ಷಿಣ ಇಂಗ್ಲೆಂಡಿನವರ ಬಾಯಲ್ಲಿ ‘ಸಾಸ್’ ಮತ್ತು ‘ಸೋರ್ಸ್’ ಒಂದೇ ಥರ ಕೇಳುತ್ತವೆ, ಏಕೆಂದರೆ ಅವರು ‘ರ’ವನ್ನು ನುಂಗುತ್ತಾರೆ. ನುಂಗದ ಸ್ಕಾಟ್ಲೆಂಡಿನವರು ಇಂಥ ಸುಳಿವಿಗೆ ಪ್ರತಿಸಲವೂ ಪ್ರತಿಭಟಿಸುತ್ತಾರೆ. ಕನ್ನಡದಲ್ಲಿ ‘ಕೂರುವ ಜಾಗ, ಕೆಲವರ ಬಾಯಲ್ಲಿ ಬೇಲೂರು ಹಳೇಬೀಡುಗಳ ಜಿಲ್ಲೆ (3)’ ಎಂದು ‘ಆಸನ’ಕ್ಕೆ ಸುಳಿವು ಕಟ್ಟಬಹುದು; ಹಕಾರ ಬಿಟ್ಟು ಮಾತಾಡುವವರು ಹಾಸನವನ್ನು ಹಾಗೆ ಅನ್ನುತ್ತಾರೆ. ‘ಕೆಲವರ ಬಾಯಲ್ಲಿ’ ಎಂಬ ಮಾತಿಲ್ಲದಿದ್ದರೆ ಸುಳಿವು ಸುಳ್ಳು. ಆ ಮಾತಿದ್ದರೆ ಸುಳಿವು ಸರಿ, ಆದರೆ ಯಾರದೋ ಆಡುನುಡಿಯನ್ನು ನಗೆಗೆ ಈಡುಮಾಡಿದ್ದೀರಿ ಎಂಬ ಆರೋಪ ಬರಬಹುದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ದೋಷ ಬಯಲಿಗೆ ಬಂದದ್ದಾದರೂ ಹೇಗೆ? ಸ್ಕಾಟ್ಲೆಂಡಿನ ಓದುಗ ಪತ್ರ ಬರೆದದ್ದರಿಂದ. ಬಳಗ ಚಿಕ್ಕದಾಗಿದ್ದಾಗ ತೀರ್ಪು ಏಕಪಕ್ಷೀಯವಾಗುತ್ತದೆ ಎಂಬುದು ಚರ್ಚೆಯನ್ನು ನಿಲ್ಲಿಸಲು ಕಾರಣವಾಗದು, ಬಳಗವನ್ನು ಹಿಗ್ಗಿಸಲು ಕಾರಣವಾಗಬೇಕು.

ಕೊನೆಯ ಆಕ್ಷೇಪ, ಇದು ಇಂಗ್ಲಿಷಿನ ಆಟ, ಭಾರತೀಯ ಭಾಷೆಗಳಿಗೆ ಒಗ್ಗದು ಎಂಬುದು. ಇಂಗ್ಲಿಷ್ ಕ್ರಿಪ್ಟಿಕ್ ಇಲ್ಲಿ ಚೆನ್ನಾಗಿಯೇ ಬೇರುಬಿಟ್ಟಿದೆ. ‘ದಿ ಹಿಂದೂ’ ಪತ್ರಿಕೆಯ ಪದಬಂಧವನ್ನು ಅದರ ಆರಂಭದ ವರ್ಷಗಳಲ್ಲಿ ಕಟ್ಟಿದವರು ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಆರ್.ಡಿ. ಕಟಾರಿ. ಕನ್ನಡ ಪದಬಂಧವೂ ಪತ್ರಿಕೆಗಳಲ್ಲಿ ಗಟ್ಟಿಯಾಗಿ ನೆಲೆಯೂರಿದೆ, ಅ.ನಾ. ಪ್ರಹ್ಲಾದರಾವ್ ಅವರೊಬ್ಬರೇ ಹತ್ತಾರು ಸಾವಿರ ಪದಬಂಧಗಳನ್ನು ರಚಿಸಿದ್ದಾರೆ. ಆದರೆ ಕನ್ನಡದಲ್ಲಿ ಸುಳಿವು ಸಾಮಾನ್ಯವಾಗಿ ನೇರ ಅರ್ಥದ್ದು, ಪುರಾಣ, ಸಿನಿಮಾ, ಗಾದೆಗಳ ನೆರವಿನದು. ಗೂಢ ಸುಳಿವಿಗೆ ಬೇಕಾದ ಸಲಕರಣೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಹಿಂದಿನಿಂದಲೂ ಇದೆ. ಪದವನ್ನು ಬೇರೆ ಕಡೆ ಮುರಿದು ಬೇರೆ ಅರ್ಥ ತೆಗೆಯುವುದಕ್ಕೆ ಸಭಂಗಶ್ಲೇಷ ಎಂದೇ ಹೆಸರು. ದಂಡಿಯ ‘ಕಾವ್ಯಾದರ್ಶ’ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ವಿವರಿಸಿ, ಅವುಗಳ ಜಾಗ ಬಲ್ಲವರ ಗೋಷ್ಠಿ ಎನ್ನುತ್ತದೆ. ಹಿಂದಿನ ಆಚಾರ್ಯರು ಹದಿನಾಲ್ಕು ದುಷ್ಟ ಪ್ರಹೇಳಿಕೆಗಳನ್ನೂ ಎಣಿಸಿದ್ದರೆಂದು ಹೇಳಿ, ದೋಷಗಳಿಗೆ ಕೊನೆಯೇ ಇಲ್ಲವಾದ್ದರಿಂದ ಒಳ್ಳೆಯವನ್ನಷ್ಟೇ ಲಕ್ಷಣ ಸಮೇತ ಹೇಳುತ್ತೇನೆ ಎನ್ನುತ್ತಾನೆ ದಂಡಿ. ಬ್ರಿಟನ್ನಿನ ಪದಬಂಧಕ್ಕೂ ಇದಕ್ಕೂ ನಂಟು ಕಟ್ಟುವುದು ಬೇಡ. ಒಗಟಿಗೂ ನ್ಯಾಯ, ಅನ್ಯಾಯ ಇದೆ, ಅದನ್ನು ಗೋಷ್ಠಿಯಲ್ಲೇ ತೂಗಬೇಕು ಎಂಬ ತಿಳಿವಳಿಕೆ ನಮ್ಮಲ್ಲೂ ಇತ್ತು ಎಂಬಷ್ಟೇ ಇದರ ಸಾಕ್ಷ್ಯ.

ಅಡ್ಡಿಗಳಿರುವುದು ಲಿಪಿಯಲ್ಲಿ. ಕನ್ನಡದ ಚೌಕದಲ್ಲಿ ಕೂರುವುದು ಪೂರ್ಣಾಕ್ಷರ. ‘ಸ್ತ್ರೀ’ ಒಂದೇ ಚೌಕ. ‘ಕ’ ಇದ್ದಲ್ಲಿ ‘ಕಿ’ ದಾಟಲಾರದು, ಆದ್ದರಿಂದ ಚೌಕಟ್ಟು ಹೆಣೆಯುವುದು ಇಂಗ್ಲಿಷಿಗಿಂತ ಕಷ್ಟ. ಅಕ್ಷರ ಕಲಸುವ ಆಟವೂ ಇಲ್ಲಿ ಇಕ್ಕಟ್ಟಿನದು: ‘ಕನ್ನಡ’ದ ಮೂರು ಚೌಕಗಳಲ್ಲಿ ‘ನ್ನ’ ಯಾವ ಪದದ ಮೊದಲಿಗೂ ಬರಲಾರದು. ಇದರ ಬದಲಿಗೆ ಬೇರೆ ಸಂಪತ್ತಿದೆ. ‘ಮುತ್ತು’, ‘ಕಾಲು’, ‘ತೆರೆ’, ‘ಅರೆ’ಯಂಥ ನಾನಾರ್ಥ ಪದಗಳು ಹೇರಳ. ‘ಎಡದಿಂದ ಬಂದರೂ ಬಲದಿಂದ ಬಂದರೂ ವೀರನಾರಾಯಣನ ಊರು (3)’ ಎಂದರೆ ‘ಗದಗ’ ತಾನೇ ಎದ್ದು ಬರುತ್ತದೆ. ಇತ್ಯರ್ಥವಾಗದ ಪ್ರಶ್ನೆಗಳೂ ಇವೆ. ಮಹಾ, ಈಶ 4 ಅಕ್ಷರ, ‘ಮಹೇಶ’ 3. ಎರಡನ್ನು ಪಕ್ಕದಲ್ಲಿಟ್ಟು ಸಂಧಿ ಮಾಡಿಕೊಳ್ಳಿ ಎಂದು ಸುಳಿವು ಬಾಯಿಬಿಟ್ಟು ಹೇಳಬೇಕೇ, ಓದುಗರಿಗೆ ಬಿಡಬಹುದೇ? ಬಿಡಬಾರದು ಎಂದು ನನ್ನ ಅಭಿಪ್ರಾಯ. ಸಂಧಿ ಮಾಡುವುದು ಅಕ್ಷರ ಬದಲಿಸುವ ಕೆಲಸ, ಬದಲಾವಣೆಯ ಸೂಚನೆ ವಾಕ್ಯದಲ್ಲಿರಬೇಕು. ‘ಸೇರಿ’ ಎಂದರೂ ಸಾಕು. ಪದದ ರೂಪದ ವಿಷಯದಲ್ಲೂ ಹೀಗೆಯೇ: ‘ಮರಳು’ ಉತ್ತರವಾದಾಗ ಅದರ ಎರಡನೆಯ ಅರ್ಥವನ್ನು ‘ಹಿಂದಿರುಗು’ ಎನ್ನಬೇಕೇ ಹೊರತು ‘ಹಿಂದಿರುಗುವುದು’ ಎಂದಲ್ಲ, ಏಕೆಂದರೆ ಧಾತುವಿನ ಜಾಗದಲ್ಲಿ ಕೂರಬೇಕಾದದ್ದು ಧಾತುವೇ. ಇದನ್ನು ಒಪ್ಪದವರಿದ್ದಾರೆ, ಅವರ ವಾದ ಅಚ್ಚಿನಲ್ಲಿ ಬರಬೇಕು. ಅದಕ್ಕೆ ಈಗ ಜಾಗವೇ ಇಲ್ಲ: ಪತ್ರಿಕೆಗಳಲ್ಲಿ ಪದಬಂಧದ ಉತ್ತರವಷ್ಟೇ ಬರುತ್ತದೆ, ಆ ಉತ್ತರ ಹೇಗೆ ಬಂತು ಎಂಬ ವಿವರಣೆ ಬರುವುದಿಲ್ಲ. ಕನ್ನಡದಲ್ಲಿ ಕ್ರಿಪ್ಟಿಕ್ ಪದಬಂಧ ಬೆಳೆಯಬೇಕೆಂದು ಬಯಸುವ ಸಂಪಾದಕರು ವಾರಕ್ಕೊಂದು ಗೂಢ ಪದಬಂಧವನ್ನೂ, ಮುಂದಿನ ವಾರ ಪ್ರತಿ ಸುಳಿವಿನ ವಿವರಣೆಯ ಜೊತೆ ಓದುಗರ ಎರಡು ತಕರಾರುಗಳನ್ನೂ ಅಚ್ಚು ಹಾಕಲಿ.